ಪದ ಬೇಕು: 'ಲೋ-ಮೇಂಟೆನೆನ್ಸ್ ಆರ್ಕಿಡ್' (ಬೋರ್ಡ್ ಬರೆಯುವವನು ನಾಳೆ ಬರ್ತಾನೆ)

ಸಂಡೂರಿನಿಂದ. ಸೋಮವಾರ, ಬೆಳಿಗ್ಗೆ 9:40

ನಮ್ಮ ಕನ್ನಡ ಪದಗಳ ಗುಂಪಿನ ಎಲ್ಲರಿಗೂ ನಮಸ್ಕಾರ.

ಅರ್ಜೆಂಟಾಗಿ ಒಂದು ಬೋರ್ಡಿಗೆ ಪದ ಬೇಕು. ನಮ್ಮ ಮಹಿಳಾ ಸಂಘದವರು ಇಲ್ಲಿ ಸಣ್ಣದೊಂದು ನರ್ಸರಿ ನಡೆಸುತ್ತಾರೆ. ಇಷ್ಟು ದಿನ ಗುಲಾಬಿ, ದಾಸವಾಳ, ಕರಿಬೇವು ಮಾರುತ್ತಿದ್ದರು. ಈ ಸಲ ಧೈರ್ಯ ಮಾಡಿ ಬೆಂಗಳೂರಿನಿಂದ ನೂರಿಪ್ಪತ್ತು ಆರ್ಕಿಡ್ ಗಿಡ ತರಿಸಿದ್ದೇವೆ. ಜೊತೆಗೆ ಒಂದು ಇಂಗ್ಲಿಷ್ ಹಾಳೆ ಬಂದಿದೆ. ಅದರ ತಲೆಬರಹ 'ಲೋ-ಮೇಂಟೆನೆನ್ಸ್ ಆರ್ಕಿಡ್ಸ್ ಫಾರ್ ಮೈಲ್ಡ್ ಕ್ಲೈಮೇಟ್ಸ್'. ಅದನ್ನೇ ಕನ್ನಡ ಮಾಡಿ ಆರಡಿ ಬೋರ್ಡಿನ ಮೇಲೆ ಬರೆಸೋಣ ಅಂತ ಸಂಘದವರ ಆಸೆ. ಕನ್ನಡ ಎಂ.ಎ. ಅಂತ ಕೆಲಸ ನನ್ನ ತಲೆಗೆ ಬಿತ್ತು.

ನಾನು ಮಾಡಿದ್ದು ಇದು: 'ಸಮಶೀತೋಷ್ಣ ವಾಯುಗುಣಕ್ಕೆ ಸೂಕ್ತವಾದ ಕಡಿಮೆ ನಿರ್ವಹಣೆಯ ಆರ್ಕಿಡ್‌ಗಳು'.

ಬೋರ್ಡ್ ಬರೆಯುವ ಹುಡುಗ ಎರಡು ಸಲ ಓದಿ, "ಅಕ್ಕಾರೆ, ಇದು ಟೆಂಡರ್ ನೋಟಿಸಾ?" ಅಂದ. ಅವನ ಮಾತಿಗೆ ನನಗೂ ನಗು ಬಂತು. ನಾಳೆ ಸಂಜೆ ನಾಲ್ಕಕ್ಕೆ ಬಣ್ಣ, ಬ್ರಷ್ ತಗೊಂಡು ಬರ್ತಾನೆ. ಮೂರು ಕಡೆ ಸಹಾಯ ಬೇಕು: ಆರ್ಕಿಡ್, ಲೋ-ಮೇಂಟೆನೆನ್ಸ್, ಮೈಲ್ಡ್ ಕ್ಲೈಮೇಟ್. ಚಿಕ್ಕದಾಗಿರಲಿ. ಅವನು ಅಕ್ಷರಕ್ಕೆ ಇಷ್ಟು ಅಂತ ದುಡ್ಡು ತಗೊಳ್ತಾನೆ.

ರಾಯಚೂರಿನಿಂದ. ಸೋಮವಾರ, ಬೆಳಿಗ್ಗೆ 10:15

ತಂಗೀ, ಆರ್ಕಿಡ್‌ಗೆ ಕನ್ನಡ ಪದ ಹುಡುಕುವ ಕಷ್ಟವೇ ಬೇಡ. ಬದನಿಕೆ ಇದೆ. ಬಂದನಿಕೆ, ಬಂದಳಿಕೆ ಅಂತಲೂ ಉಂಟು. ಮರದ ಮೇಲೆ ಬೆಳೆಯುವ ಗಿಡ. ತೆಲುಗಿನವರೂ ಬದನಿಕ ಅನ್ನುತ್ತಾರೆ. ಸಂಸ್ಕೃತದಲ್ಲಿ ವಂದಾ, ವಂದಾಕ. ವಕಾರ ಬಕಾರವಾಗುವುದನ್ನು ಈ ಗುಂಪಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಈಗ ಮಜಾ ಕೇಳಿ. ಆರ್ಕಿಡ್‌ಗಳಲ್ಲಿ ಒಂದು ದೊಡ್ಡ ಕುಲದ ಹೆಸರೇ 'ವಾಂಡಾ'. ಕಲ್ಕತ್ತೆಯಲ್ಲಿ ನ್ಯಾಯಾಧೀಶನಾಗಿದ್ದ ವಿಲಿಯಂ ಜೋನ್ಸ್ ಬರೆದಿಟ್ಟಿದ್ದ ವಂದಾ ಅದು. 1820ರಲ್ಲಿ ರಾಬರ್ಟ್ ಬ್ರೌನ್ ಅದನ್ನೇ ಕುಲದ ಹೆಸರು ಮಾಡಿದ. ನಮ್ಮ ಪದ ಲಂಡನ್ನಿಗೆ ಹೋಗಿ, ಕೋಟು ಹಾಕಿಕೊಂಡು ವಾಪಸ್ ಬಂದಿದೆ. ನಾವು ಗುರುತು ಹಿಡಿಯುತ್ತಿಲ್ಲ ಅಷ್ಟೇ. ನನ್ನನ್ನು ಕೇಳಿದರೆ ಮೂಲ ಸಂಸ್ಕೃತವೂ ಅಲ್ಲ. ಬಂದು ಅಳಿಸುವುದು ಬಂದಳಿಕೆ. ಇದರ ಬಗ್ಗೆ ಬೇರೆಯಾಗಿ ಬರೆಯುತ್ತೇನೆ.

ಬೋರ್ಡಿಗೆ: 'ಸುಲಭ ಬದನಿಕೆಗಳು'. ಹತ್ತು ಅಕ್ಷರವೂ ಆಗಲಿಲ್ಲ.

ಕೊಪ್ಪಳದಿಂದ. ಸೋಮವಾರ, ಬೆಳಿಗ್ಗೆ 10:32

ತಪ್ಪು.

ಬದನಿಕೆ ಮರದ ರಸ ಹೀರುತ್ತದೆ. ಮಾವಿನ ಕೊಂಬೆಗೆ ಹತ್ತಿದರೆ ಆ ಕೊಂಬೆ ಸೊರಗುತ್ತದೆ. ಆರ್ಕಿಡ್ ಮರದ ಮೇಲೆ ಸುಮ್ನೆ ಕೂತಿರುತ್ತದೆ, ಮರದಿಂದ ಒಂದು ಹನಿಯೂ ತಗೊಳ್ಳುವುದಿಲ್ಲ. ಮಳೆ, ಮಂಜು, ತೊಗಟೆಯ ಸಂದಿಯಲ್ಲಿ ಸೇರಿದ ಕಸ, ಅಷ್ಟರಲ್ಲೇ ಅದರ ಸಂಸಾರ. ಎಷ್ಟೋ ಆರ್ಕಿಡ್‌ಗಳು ಮರ ಹತ್ತುವುದೇ ಇಲ್ಲ, ನೆಲದಲ್ಲೇ ಬೆಳೆಯುತ್ತವೆ. ಸಂಸ್ಕೃತದ ವಂದಾ ಎರಡಕ್ಕೂ ನಡೆದಿರಬಹುದು. ಹಳೇ ಕಾಲದವರು ಮರದ ಮೇಲೆ ಹಸಿರು ಕಂಡದ್ದಕ್ಕೆಲ್ಲ ಒಂದೇ ಹೆಸರು ಹೇಳಿದರು ಅಂತ ನಾವೂ ಹೇಳಬೇಕಾ?

'ಬಂದು ಅಳಿಸುವುದು' ಬಗ್ಗೆ ನಾನು ಏನೂ ಹೇಳುವುದಿಲ್ಲ.

ನನ್ನ ಊರು ಉತ್ತರ ಕನ್ನಡದ ಕಡೆ. ಸಸ್ಯಶಾಸ್ತ್ರ ಪಾಠ ಮಾಡುತ್ತಾ ಇಲ್ಲಿಗೆ ಬಂದು ಹತ್ತೊಂಬತ್ತು ವರ್ಷವಾಯಿತು. ನಮ್ಮ ಕಡೆ ಸೀತಾಳೆ, ಸೀತೆದಂಡೆ ಅಂತಾರೆ. ಮುಂಗಾರು ಹಿಡಿಯುವ ಹೊತ್ತಿಗೆ ನರಿಯ ಬಾಲದ ಹಾಗೆ ಇಳಿಬೀಳುವ ತಿಳಿ ನೇರಳೆ ಗೊಂಚಲು. ಹೆಂಗಸರು ಮುಡಿಗೆ ಇಟ್ಟುಕೊಳ್ಳುತ್ತಾರೆ. ಅಸ್ಸಾಮಿನಲ್ಲಿ ಅದೇ ಹೂವನ್ನು ಬಿಹು ಹಬ್ಬಕ್ಕೆ ಮುಡಿಯುತ್ತಾರೆ, ಆ ರಾಜ್ಯದ ಹೂವೇ ಅದು. ಪದ ಬೇಕಾದರೆ ಸೀತಾಳೆ ತಗೊಳ್ಳಿ.

ಬಳ್ಳಾರಿಯಿಂದ. ಸೋಮವಾರ, ಮಧ್ಯಾಹ್ನ 12:05

ಸೀತೆದಂಡೆ ಅಂತ ಈ ಕಡೆ ಬೋರ್ಡ್ ಹಾಕಿದರೆ ಜನ ಕಾಲುವೆ ಅಂದ್ಕೋತಾರೆ. ಎಡದಂಡೆ, ಬಲದಂಡೆ, ಸೀತೆದಂಡೆ. ನೀರು ಯಾವಾಗ ಬಿಡ್ತಾರೆ ಅಂತ ಕೇಳ್ತಾರೆ.

ಸೀತಾಳೆ ಸಂಸ್ಕ್ರುತದ ಸೀತೆಯಿಂದ ಬಂದದ್ದು. ನಿರ್ವಹಣೆ, ವಾಯುಗುಣ, ಸಮಶೀತೋಶ್ಣ ಎಲ್ಲ ಅಲ್ಲಿಂದಲೇ. ಕನ್ನಡದ್ದೇ ಬೇರಿನಿಂದ ಕಟ್ಟಿ: 'ಮರಹೂ'. ಲೋ-ಮೇಂಟೆನೆನ್ಸ್‌ಗೆ 'ಆರಯ್ಕೆ ಬೇಡದ'. ಮೈಲ್ಡ್ ಕ್ಲೈಮೇಟ್‌ಗೆ 'ಹದಗಾಳಿ'. 'ಹದಗಾಳಿಗೆ ಆರಯ್ಕೆ ಬೇಡದ ಮರಹೂಗಳು'. ಮುಗೀತು.

ರಾಯಚೂರಿನಿಂದ. ಸೋಮವಾರ, ಮಧ್ಯಾಹ್ನ 12:20

> ಸೀತೆದಂಡೆ ಅಂತ ಈ ಕಡೆ ಬೋರ್ಡ್ ಹಾಕಿದರೆ ಜನ ಕಾಲುವೆ ಅಂದ್ಕೋತಾರೆ

ಮದುವೆಯಲ್ಲಿ ಬಾಸಿಂಗ, ದಂಡೆ ಕಟ್ಟಿಸಿಕೊಂಡಿಲ್ಲವೇನಪ್ಪಾ? ಇನ್ನೂ ಆಗಿಲ್ಲವಾದರೆ ಕ್ಷಮಿಸು.

ಮರಹೂ ಅಂದರೆ ಮರದಲ್ಲಿ ಬಿಡುವ ಹೂ. ಸಂಪಿಗೆಯೂ ಮರಹೂ, ಹೊಂಗೆಯೂ ಮರಹೂ. ಪದ ಕಟ್ಟುವುದು ಇಟ್ಟಿಗೆ ಜೋಡಿಸಿದ ಹಾಗಲ್ಲ.

ಸಂಡೂರಿನಿಂದ. ಸೋಮವಾರ, ಮಧ್ಯಾಹ್ನ 1:50

ಎಲ್ಲರಿಗೂ ಥ್ಯಾಂಕ್ಸ್. ಸಂಘದ ಹಿರಿಯಮ್ಮ ಒಬ್ಬರಿಗೆ 'ಸುಲಭ ಬದನಿಕೆಗಳು' ಓದಿ ಹೇಳಿದೆ. "ಅಯ್ಯೋ, ಅದನ್ನ ಕೊಡ್ಲಿ ತಗೊಂಡು ಕಡೀತೀವಲ್ಲವ್ವಾ, ದುಡ್ಡು ಕೊಟ್ಟು ಯಾರು ತಗೊಂತಾರ?" ಅಂದರು. ಮೇಷ್ಟ್ರು ಬೇಜಾರು ಮಾಡ್ಕೋಬಾರದು.

ಸದ್ಯಕ್ಕೆ ಆರ್ಕಿಡ್ ಅಂತಲೇ ಇಡುತ್ತೇನೆ. ಮೈಲ್ಡ್ ಕ್ಲೈಮೇಟ್ ಹೇಳಿ.

ಕೊಪ್ಪಳದಿಂದ. ಸೋಮವಾರ, ಸಂಜೆ 5:10

ಕ್ಲಾಸ್ ಮುಗಿಸಿ ಬಂದೆ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳಬೇಕು. ಇಲ್ಲಿರುವ ತೊಂದರೆ ಪದದ್ದಲ್ಲ.

ಮೊದಲು, 'ಸಮಶೀತೋಷ್ಣ' ತೆಗೆಯಿರಿ. ಅದು ಭೂಗೋಳದ ಪುಸ್ತಕದಲ್ಲಿ ಕರ್ಕಾಟಕ ವೃತ್ತದಿಂದ ಆಚೆಗಿನ ವಲಯದ ಹೆಸರು. ಸಂಡೂರು ಇರುವುದು ಹದಿನೈದು ಡಿಗ್ರಿ ಅಕ್ಷಾಂಶದ ಹತ್ತಿರ. ನೀವು ಉಷ್ಣವಲಯದಲ್ಲಿದ್ದೀರಿ, ಎಷ್ಟೇ ತಂಪು ಅನ್ನಿಸಿದರೂ.

ಎರಡನೆಯದು, ಆ ಹಾಳೆ ಬರೆದವರ 'ಮೈಲ್ಡ್' ನಿಮ್ಮ 'ಮೈಲ್ಡ್' ಅಲ್ಲ. ಇಂಥ ಹಾಳೆಗಳು ಹೆಚ್ಚಾಗಿ ಕ್ಯಾಲಿಫೋರ್ನಿಯಾ ಕರಾವಳಿಯಂಥ ಊರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಅಲ್ಲಿ ಮೈಲ್ಡ್ ಅಂದರೆ ಚಳಿಗಾಲದಲ್ಲಿ ಹಿಮಗಟ್ಟುವುದಿಲ್ಲ, ಗಿಡವನ್ನು ವರ್ಷವಿಡೀ ಹೊರಗೇ ಇಡಬಹುದು ಅಂತ. ಅವರ ಹೆದರಿಕೆ ಡಿಸೆಂಬರಿಗೆ. ನಮ್ಮದು ಏಪ್ರಿಲ್‌ಗೆ. ರಾಯಚೂರು, ಬಳ್ಳಾರಿಯಲ್ಲಿ ಬೇಸಿಗೆ ನಲವತ್ತು ಡಿಗ್ರಿ ದಾಟುತ್ತದೆ. ಚಳಿಗೆ ಸತ್ತ ಆರ್ಕಿಡ್ ಇಲ್ಲಿ ಯಾರೂ ನೋಡಿಲ್ಲ. ನೀವು 'ಹಿತವಾದ ಹವೆ' ಅಂತ ಬರೆದರೂ, 'ಹದಗಾಳಿ' ಅಂತ ಬರೆದರೂ ಓದುವವರಿಗೆ ತಿಳಿಯುವುದು ಬಿಸಿಲು ಕಡಿಮೆ ಅಂತ. ಮೂಲದಲ್ಲಿದ್ದದ್ದು ಚಳಿ ಕಡಿಮೆ ಅಂತ. ಪದಕ್ಕೆ ಪದ ಇಟ್ಟರೆ ಅರ್ಥ ತಲೆಕೆಳಗಾಗುತ್ತದೆ.

ಇದು ಬರೀ ಪದದ ಮಾತಲ್ಲ. ನಿಮ್ಮ ಹಾಳೆಯಲ್ಲಿ ಸಿಂಬಿಡಿಯಂ ಇದೆಯಾ ನೋಡಿ. ಆ ಊರುಗಳಲ್ಲಿ ಅದೇ ಎಲ್ಲಕ್ಕಿಂತ ಸುಲಭದ ಗಿಡ. ಮೊಗ್ಗು ಬರಬೇಕಾದರೆ ಅದಕ್ಕೆ ಹತ್ತು-ಹದಿನೈದು ಡಿಗ್ರಿಯ ತಂಪು ರಾತ್ರಿಗಳು ವಾರಗಟ್ಟಲೆ ಬೇಕು. ನಿಮ್ಮಲ್ಲಿ ಎಲೆ ಚೆನ್ನಾಗಿ ಬಿಡುತ್ತದೆ, ಹೂವಿಗೆ ಕಾಯುತ್ತಾ ಕೂರಬೇಕು. ಡೆಂಡ್ರೋಬಿಯಂ ಮಿಶ್ರತಳಿಗಳು, ನೆಲದಲ್ಲಿ ಬೆಳೆಯುವ ಸ್ಪಾತೊಗ್ಲಾಟಿಸ್, ಕಡ್ಡಿಯಂತೆ ಉದ್ದುದ್ದ ಹೋಗುವ ಎಪಿಡೆಂಡ್ರಂ, ಇವು ನೆರಳಿನಲ್ಲಿ ನಡೆಯುತ್ತವೆ. ಬೋರ್ಡಿಗಿಂತ ಮುಂಚೆ ಗಿಡ ನೋಡಿಕೊಳ್ಳಿ.

ಸಂಡೂರಿನಿಂದ. ಸೋಮವಾರ, ಸಂಜೆ 5:42

ಸರ್, ಸಿಂಬಿಡಿಯಂ ಹದಿನೆಂಟು ಗಿಡ ಬಂದಿವೆ.

ಎದೆ ಧಸಕ್ ಅಂತು. ಇರಲಿ, ಪದ ಹೇಳಿ.

ಬಳ್ಳಾರಿಯಿಂದ. ಸೋಮವಾರ, ಸಂಜೆ 6:30

'ಹವೆ', 'ಹವಾಮಾನ' ಕೂಡ ಬೇಡ. ಹವಾ ಅರಬಿಯಿಂದ ಪಾರಸಿಗೆ, ಪಾರಸಿಯಿಂದ ನಮಗೆ. ಮಾನ ಸಂಸ್ಕ್ರುತ. ಎರಡು ಹೊರಗಿನ ಪದ ಸೇರಿಸಿ ಕನ್ನಡ ಅಂತ ರೇಡಿಯೋದಲ್ಲಿ ದಿನಾ ಓದುತ್ತಾರೆ. 'ನಿಗಾ' ಕೂಡ ಪಾರಸಿ, ಯಾರಾದರೂ 'ಕಡಿಮೆ ನಿಗಾ' ಅನ್ನುವ ಮುಂಚೆ ಹೇಳಿಬಿಡುತ್ತೇನೆ. ಆರ್ಕಿಡ್ ಅಂತೂ ಬೇಡವೇ ಬೇಡ.

ಕೊಪ್ಪಳದಿಂದ. ಸೋಮವಾರ, ಸಂಜೆ 6:41

ಆರ್ಕಿಡ್‌ನ ಮೂಲ ಗ್ರೀಕ್ 'ಆರ್ಕಿಸ್'. ಅರ್ಥ ವೃಷಣ. ಅಲ್ಲಿಯ ನೆಲದ ಆರ್ಕಿಡ್‌ಗಳ ಬುಡದಲ್ಲಿ ಜೋಡಿ ಗೆಡ್ಡೆ ಇರುತ್ತವೆ, ಹಳೇ ಗ್ರೀಕ್ ಸಸ್ಯಪಂಡಿತ ಥಿಯೋಫ್ರಾಸ್ಟಸ್ ಕಾಲದಿಂದಲೂ ಅದೇ ಹೆಸರು. ಅಚ್ಚಗನ್ನಡದಲ್ಲಿ ಕಟ್ಟುವ ಆಸೆ ಇದ್ದವರು ಕಟ್ಟಿಕೊಳ್ಳಿ.

ಸಂಡೂರಿನಿಂದ. ಸೋಮವಾರ, ಸಂಜೆ 6:44

ಮಹಿಳಾ ಸಂಘದ ಬೋರ್ಡು ಸರ್!

ರಾಯಚೂರಿನಿಂದ. ಸೋಮವಾರ, ರಾತ್ರಿ 8:55

> 'ನಿಗಾ' ಕೂಡ ಪಾರಸಿ

ನಮ್ಮವ್ವನಿಗೆ ಕನ್ನಡ ಬಿಟ್ಟು ಇನ್ನೊಂದು ಭಾಷೆ ಬರುತ್ತಿರಲಿಲ್ಲ. ಹಾಲು ಒಲೆಯ ಮೇಲಿಟ್ಟು "ನಿಗಾ ಇಡು" ಅಂತ ಹೇಳಿ ಹೋಗುತ್ತಿದ್ದಳು. ಆಕೆ ಪಾರಸಿ ಮಾತಾಡಿದಳೇ?

1948ರ ತನಕ ನಾವು ನಿಜಾಮನ ಸೀಮೆ. ಶಾಲೆಯಲ್ಲಿ ಉರ್ದು, ಕಚೇರಿಯಲ್ಲಿ ಉರ್ದು. ನಿಮ್ಮ ಬಳ್ಳಾರಿ 1800ರಿಂದ ಕಂಪನಿಯ ಕೈಲಿ, ಮದ್ರಾಸಿನ ಕೆಳಗೆ. 1953ರಲ್ಲಿ ಮೈಸೂರಿಗೆ ಬಂದಿತು. ನಮಗೆ ಆ ಕಡೆಯಿಂದ ಪದ ಬಂದವು, ನಿಮಗೆ ಈ ಕಡೆಯಿಂದ ಬಂದವು. ಜಮೀನು, ಖಾತೆ, ತಹಶೀಲ್ದಾರ ಇಷ್ಟನ್ನು ತೆಗೆದು ನೀನು ನಿನ್ನ ಹೊಲದ ಒಂದು ಅರ್ಜಿ ಬರೆದುಕೊಂಡು ಬಾ, ನೋಡೋಣ. ಬಣ್ಣ ಅನ್ನುವುದು ವರ್ಣದ ತದ್ಭವ. ಬೋರ್ಡಿಗೆ ಬಣ್ಣವನ್ನೂ ಹಚ್ಚಬೇಡಿ.

ಹೊರಗಿನ ಗಿಡ ಬಂದಾಗ ನಮ್ಮ ಹಿರಿಯರು ಏನು ಮಾಡಿದರು ನೋಡು. ಮೆಣಸಿನಕಾಯಿ ಅಮೆರಿಕದಿಂದ ಬಂತು. ಖಾರ ಇದೆ ಅಂತ ಮೆಣಸಿನ ಹೆಸರನ್ನೇ ಎತ್ತಿ ಅದಕ್ಕೆ ಕೊಟ್ಟರು. ಮನೆಯ ಹಳೇ ಮೆಣಸು ಪಾಪ 'ಕರಿಮೆಣಸು', 'ಒಳ್ಳೆ ಮೆಣಸು' ಅಂತ ಗುರುತುಚೀಟಿ ಹಾಕಿಕೊಂಡು ತಿರುಗಬೇಕಾಯಿತು. ಸೀತಾಫಲವೂ ಅಮೆರಿಕದ್ದೇ, ಸೀತಮ್ಮನ ಹೆಸರು ಹೊತ್ತು ಕೂತಿದೆ. ಪರಂಗಿ ಹಣ್ಣಿನ ಹೆಸರಲ್ಲೇ ಫಿರಂಗಿಯವನಿದ್ದಾನೆ. ಯಾರೂ ಸಮಿತಿ ಮಾಡಲಿಲ್ಲ. ಸಂತೆಯಲ್ಲಿ ಯಾವುದು ನಿಂತಿತೋ ಅದು ನಿಂತಿತು.

ಬದನಿಕೆ ಬಿಟ್ಟೆ. ಆದರೆ ವಂದಾ ವಿಷಯ ಬಿಡುವುದಿಲ್ಲ.

ಬಳ್ಳಾರಿಯಿಂದ. ಸೋಮವಾರ, ರಾತ್ರಿ 9:10

ಹಾಗಿದ್ದರೆ ಈ ಗುಂಪು ಯಾಕೆ? ಸಂತೆಗೇ ಹೋಗಿ ಕೇಳಬಹುದಲ್ಲ.

ತೋರಣಗಲ್ಲಿನಿಂದ. ಸೋಮವಾರ, ರಾತ್ರಿ 10:25

ನಾನು ಇಲ್ಲಿ ಓದುವುದೇ ಜಾಸ್ತಿ, ಬರೆಯುವುದು ಅಪರೂಪ. ಆದರೆ ಆರ್ಕಿಡ್ ಬೆಳೆಸಿ ಆರು ವರ್ಷವಾಯಿತು, ಅದೂ ಈ ಬಿಸಿಲಲ್ಲಿ. ಅದಕ್ಕೆ ಬಾಯಿ ಹಾಕ್ತಿದ್ದೀನಿ.

ನಾನು ಮೊದಲು ಕೊಂದ ಮೂರು ಗಿಡ ಆರೈಕೆ ಇಲ್ಲದೆ ಸಾಯಲಿಲ್ಲ, ಆರೈಕೆ ಅತಿಯಾಗಿ ಸತ್ತವು. ಗುಲಾಬಿಗೆ ಹಾಕೋ ಹಾಗೆ ಮಣ್ಣು, ಗೊಬ್ಬರ ತುಂಬಿ ದಿನಾ ಎರಡು ಚೊಂಬು ನೀರು ಸುರೀತಿದ್ದೆ. ಬೇರು ಕೊಳೆತು ವಾಸನೆ ಬಂತು. ಆಮೇಲೆ ಮಣ್ಣೇ ಬಿಟ್ಟೆ. ಈಗ ಇದ್ದಿಲು, ಇಟ್ಟಿಗೆ ಚೂರು, ತೆಂಗಿನ ಸಿಪ್ಪೆ ಮಾತ್ರ. ಸುತ್ತ ತೂತಿರುವ ಕುಂಡ. ಬೇವಿನ ಮರದ ಕೆಳಗೆ ಹಸಿರು ಬಲೆ ಕಟ್ಟಿ ನೇತು ಹಾಕಿದ್ದೀನಿ. ನೀರು ಬೇಕಾ ಅಂತ ಬೇರೇ ಹೇಳುತ್ತೆ. ಕುಂಡದ ಹೊರಗೆ ಜೋತುಬಿದ್ದ ಬೇರು ಒಣಗಿದಾಗ ಸುಣ್ಣ ಸವರಿದ ಹಾಗೆ ಬೂದು ಬಿಳಿ ಇರುತ್ತೆ. ನೀರು ಚಿಮುಕಿಸಿದರೆ ನೋಡ್ತಾ ನೋಡ್ತಾನೇ ಹಸಿರಾಗುತ್ತೆ, ಬಿಳಿ ಗೋಡೆ ನೆನೆದು ಕಪ್ಪಾದ ಹಾಗೆ. ಹಸಿರು ಇದ್ದರೆ ನೀರು ಹಾಕಬಾರದು. ಬೂದು ಇದ್ದರೆ ಬೆಳಿಗ್ಗೆ ಹಾಕಬೇಕು. ಅಷ್ಟೇ. ಏಪ್ರಿಲ್, ಮೇ ಮಾತ್ರ ಎರಡು ಹೊತ್ತು. ನಮ್ಮ ಬೋರಿನ ನೀರು ಉಪ್ಪು, ಬೇರಿನ ಮೇಲೆ ಬಿಳಿ ಹೊಪ್ಪಳಿಕೆ ಕಟ್ಟುತ್ತೆ. ಹಾಗಾಗಿ ಮಳೆನೀರು ಹಿಡಿದಿಡ್ತೀನಿ.

ಈಗ ಪದ. 'ಆರೈಕೆ ಬೇಡದ' ಸುಳ್ಳು. ಬೇಡದ ಗಿಡ ಅಂದರೆ ಪ್ಲಾಸ್ಟಿಕ್ ಗಿಡ. 'ಕಡಿಮೆ ನಿರ್ವಹಣೆ' ಅಂದರೆ ಲಿಫ್ಟಿನ ನೆನಪಾಗುತ್ತೆ. ನಮ್ಮತ್ತೆ ಹೊಲದವರು. ಅವರ ಮಾತು ಕೇಳಿ: "ಈ ಬೆಳಿ ಬಾಳ ನೀರು ಕೇಳಂಗಿಲ್ಲ", "ಮೆಣಸಿನಗಿಡ ಔಷಧಿ ಕೇಳ್ತದ". ಬೆಳೆ ಕೇಳುತ್ತೆ, ನಾವು ಕೊಡ್ತೀವಿ. ನನ್ನ ಆರ್ಕಿಡ್ ನೋಡಿ ಅವರೇ ಒಂದು ದಿನ ಅಂದರು, "ಇದೇನವಾ, ಏನೂ ಕೇಳಂಗಿಲ್ಲ, ಸುಮ್ನ ಹೂ ಬಿಡ್ತದ".

'ಜಾಸ್ತಿ ಕೇಳದ ಆರ್ಕಿಡ್' ಅಂತ ಬರೆಸಿ. ಸಂತೆಗೆ ಹೋಗೋ ಹೆಂಗಸಿಗೂ ಗೊತ್ತಾಗುತ್ತೆ.

ಮೈಲ್ಡ್ ಕ್ಲೈಮೇಟ್ ಬೋರ್ಡಲ್ಲಿ ಯಾಕೆ? ಸಂಡೂರಲ್ಲಿ ನಿಂತು ಸಂಡೂರಿನವರಿಗೇ ಮಾರ್ತಿದ್ದೀರಿ.

ಕೊಪ್ಪಳದಿಂದ. ಮಂಗಳವಾರ, ಬೆಳಿಗ್ಗೆ 7:05

ತೋರಣಗಲ್ಲಿನ ಮೇಡಂ ಹೇಳಿದ್ದು ಸರಿ. ಒಂದೇ ಒಂದು ಸೇರಿಸುತ್ತೇನೆ. ಕ್ಲೈಮೇಟ್‌ಗೆ ನಾಮಪದ ಹುಡುಕುವುದು ಇಂಗ್ಲಿಷ್ ಅಭ್ಯಾಸ. ನಮ್ಮಲ್ಲಿ ಕ್ರಿಯಾಪದ ಇದೆ: ಒಗ್ಗು. 'ಆ ಊರಿನ ನೀರು ನನಗೆ ಒಗ್ಗಲಿಲ್ಲ' ಅಂತೀವಲ್ಲ. 'ಸಂಡೂರಿಗೆ ಒಗ್ಗುವ' ಅಂದರೆ ಬಿಸಿಲು, ಚಳಿ, ನೀರು, ಗಾಳಿ ಎಲ್ಲ ಬಂತು. ಡಿಗ್ರಿ ಲೆಕ್ಕ ಬೇಡ.

ಒಗ್ಗುವ ಅಂತ ಬರೆದಮೇಲೆ ಸಿಂಬಿಡಿಯಂ ಅದರ ಕೆಳಗೆ ಇಡಬೇಡಿ. ಬೇರೆ ಕಡೆ ಇಟ್ಟು, ಇಲ್ಲಿ ಹೂವಿನ ಭರವಸೆ ಇಲ್ಲ ಅಂತ ಹೇಳಿ ಮಾರಿ.

ರಾಯಚೂರಿನಿಂದ. ಮಂಗಳವಾರ, ಬೆಳಿಗ್ಗೆ 8:30

'ಕೇಳದ' ಒಪ್ಪಿದೆ. ಇದು ಸಂತೆಯ ಪದ. 'ಒಗ್ಗು' ಕೂಡ ಹಳೆಯದು, ಗಟ್ಟಿಯದು. ಆದರೆ 'ಜಾಸ್ತಿ ಕೇಳದ' ಅಂದರೆ ಮಾತು ಕೇಳದ ಮಕ್ಕಳ ಹಾಗೆ ಕೇಳಿಸುವುದಿಲ್ಲವೇ? ಒಮ್ಮೆ ಯೋಚಿಸಿ.

ತೋರಣಗಲ್ಲಿನಿಂದ. ಮಂಗಳವಾರ, ಬೆಳಿಗ್ಗೆ 8:47

ಪಕ್ಕದಲ್ಲಿ ಗಿಡದ ಚಿತ್ರ ಇರುತ್ತಲ್ಲ ಮೇಷ್ಟ್ರೇ. ಯಾರೂ ಮಕ್ಕಳು ಅಂದ್ಕೊಳ್ಳಲ್ಲ. ಬೇಕಿದ್ದರೆ 'ಜಾಸ್ತಿ ಏನೂ ಕೇಳದ' ಅಂತ ಮಾಡಿ. ಎರಡು ಅಕ್ಷರದ ದುಡ್ಡು.

ಸಂಡೂರಿನಿಂದ. ಬುಧವಾರ, ಬೆಳಿಗ್ಗೆ 10:20

ಬೋರ್ಡ್ ಆಯಿತು. ಹಳದಿ ಮೇಲೆ ನೇರಳೆ ಅಕ್ಷರ:

ಸಂಡೂರಿಗೆ ಒಗ್ಗುವ
ಜಾಸ್ತಿ ಏನೂ ಕೇಳದ
ಆರ್ಕಿಡ್ ಗಿಡಗಳು

ಹುಡುಗ 'ಆರ್ಕಿಡ್'ಗೆ ಮೊದಲು ದೀರ್ಘ ಎಳೆದು 'ಆರ್ಕೀಡ್' ಮಾಡಿದ್ದ. ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ ತಿದ್ದಿಸಿದೆ. ಈಗಲೂ ಹತ್ತಿರ ಹೋಗಿ ನೋಡಿದರೆ ಆ ದೀರ್ಘ ಮಸುಕಾಗಿ ಕಾಣುತ್ತದೆ.

ಸಿಂಬಿಡಿಯಂ ಹಿಂದಿನ ಸಾಲಿಗೆ ಹೋದವು. ಅವುಗಳ ಮುಂದೆ ರಟ್ಟಿನ ಮೇಲೆ ನಾನೇ ಬರೆದೆ: 'ಇದು ಚಳಿ ಕೇಳುತ್ತದೆ'. ನಿನ್ನೆ ಒಬ್ಬರು ಅದನ್ನೇ ಓದಿ, ಊಟಿಯಲ್ಲಿರುವ ಮಗಳಿಗೆ ಅಂತ ಎರಡು ತಗೊಂಡು ಹೋದರು.

ಬಳ್ಳಾರಿಯಿಂದ. ಬುಧವಾರ, ಬೆಳಿಗ್ಗೆ 10:31

'ಜಾಸ್ತಿ' ಕನ್ನಡ ಅಲ್ಲ. ಅರಬಿ-ಪಾರಸಿಯ 'ಜಿಯಾದತಿ'. 'ಹೆಚ್ಚು' ಅಂತ ಬರೆಸಬಹುದಿತ್ತು. ಅಕ್ಷರವೂ ಎರಡೇ.

ಸಂಡೂರಿನಿಂದ. ಬುಧವಾರ, ಬೆಳಿಗ್ಗೆ 10:33

ಬಣ್ಣ ಒಣಗಿದೆ ತಮ್ಮಾ. ಮುಂದಿನ ಬೋರ್ಡಿಗೆ ನೋಡೋಣ.

ಈಗ ಗಿಡದ ಜೊತೆ ಕೊಡುವ ಚೀಟಿ ಬರೆಯುತ್ತಿದ್ದೇನೆ. ತೋರಣಗಲ್ಲಿನ ಅಕ್ಕ ಹೇಳಿದ ಬೇರಿನ ವಿಷಯ ಹಾಕಬೇಕು. ನೀರು ಹೀರುವ ಆ ಬೂದು ಪದರಕ್ಕೆ ಇಂಗ್ಲಿಷ್ ಹಾಳೆಯಲ್ಲಿ 'ವೆಲಾಮೆನ್' ಅಂತ ಇದೆ. ಏನನ್ನೋಣ?

ಕೊಪ್ಪಳದಿಂದ. ಬುಧವಾರ, ಬೆಳಿಗ್ಗೆ 11:02

ಬೆಂಡು. ಒಳಗೆ ಗಾಳಿ ತುಂಬಿದ ಸತ್ತ ಕೋಶಗಳ ಪದರ ಅದು, ಹಗುರ, ನೀರು ಸಿಕ್ಕಿದರೆ ಹೀರಿಕೊಳ್ಳುತ್ತದೆ. 'ಬೇರಿನ ಮೇಲಿನ ಬೆಂಡು ಬೂದು ಬಣ್ಣಕ್ಕೆ ತಿರುಗಿದಾಗ ನೀರು ಹಾಕಿ' ಅಂತ ಬರೆಯಿರಿ.

ರಾಯಚೂರಿನಿಂದ. ಬುಧವಾರ, ಬೆಳಿಗ್ಗೆ 11:15

ಬೆಂಡು ಸರಿಯಾಗಿದೆ. ಬೆಂಡು ಅನ್ನುವ ಪದದ ಮೂಲದ ಬಗ್ಗೆ ನನ್ನದೊಂದು ಊಹೆ ಇದೆ. ಮಧ್ಯಾಹ್ನ ಊಟ ಆದಮೇಲೆ ಬರೆಯುತ್ತೇನೆ. ಇದಕ್ಕೂ ಬಂದಳಿಕೆಗೂ ಸಂಬಂಧ ಇದೆ.